ನಾಲ್ಕು ವರ್ಷದ ಮೇಲೆ ಕಂಡ ಕೆಂಪು

ಮುಟ್ಟು ನಿಂತ ಮೇಲೆ ಮರಿತಾಯಮ್ಮನಿಗೆ ಆದ ದೊಡ್ಡ ಅನುಕೂಲವೆಂದರೆ, ಹುಳದ ಮನೆಯ ಬಾಗಿಲು ತಿಂಗಳ ಮೂವತ್ತು ದಿನವೂ ಅವಳಿಗೆ ತೆರೆದಿತ್ತು.

ಮೊದಲು ಹಾಗಿರಲಿಲ್ಲ. ಮುಟ್ಟಾದ ಹೆಂಗಸು ಒಳಗೆ ಕಾಲಿಟ್ಟರೆ ರೇಷ್ಮೆ ಹುಳಕ್ಕೆ ರೋಗ ತಗಲುತ್ತದೆ ಎಂದು ಅವಳ ಅತ್ತೆ ಪಾಪಮ್ಮ ನಂಬಿದ್ದಳು. ಸುತ್ತೂರಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ, ಕಪಿಲಾ ಹೊಳೆಗೆ ಹತ್ತಿರದ ಆ ಊರಿನಲ್ಲಿ ಇನ್ನೂ ಎಷ್ಟೋ ಮನೆಯವರು ಹಾಗೇ ನಂಬುತ್ತಿದ್ದರು. ಪ್ರತಿ ತಿಂಗಳು ಐದು ದಿನ ಮರಿತಾಯಮ್ಮ ಜಗುಲಿಯಲ್ಲಿ ಕೂತು ಒಳಗಿನ ಸದ್ದು ಕೇಳುತ್ತಿದ್ದಳು. ದೊಡ್ಡ ಹುಳ ಸೊಪ್ಪು ತಿನ್ನುವ ಸದ್ದು ದೂರದಲ್ಲೆಲ್ಲೋ ಮಳೆ ಹಿಡಿದಂತೆ ಇರುತ್ತದೆ. ಆ ಸದ್ದಿನಲ್ಲೇ ಅವಳಿಗೆ ಹುಳಕ್ಕೆ ಹಸಿವಾಗಿದೆಯೋ ಹೊಟ್ಟೆ ತುಂಬಿದೆಯೋ ತಿಳಿಯುತ್ತಿತ್ತು. ಆದರೂ ಎದ್ದು ಹೋಗುವ ಹಾಗಿರಲಿಲ್ಲ.

ಐವತ್ತಕ್ಕೆ ಮುಟ್ಟು ನಿಂತಿತು. ಈಗ ಅವಳಿಗೆ ಐವತ್ತನಾಲ್ಕು.

ಆ ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ, ಬಾಗಿಲ ಪಕ್ಕದ ತಂಪಿನಲ್ಲಿ ಗೋಡೆಗೆ ಒರಗಿದ್ದಳು. ಹಾಗೇ ಜೋಂಪು ಹತ್ತಿತು. ಕನಸಿನಲ್ಲಿ ಅವಳು ಚಿಕ್ಕ ಹುಡುಗಿ. ಲಂಗ ಎತ್ತಿ ಹಿಡಿದು ಹೊಳೆಯಲ್ಲಿ ನಿಂತಿದ್ದಾಳೆ. ಹೊಸ ನೀರು ಬಂದಿದೆ, ಕೆಮ್ಮಣ್ಣಿನ ಬಣ್ಣದ್ದು, ಬೆಚ್ಚಗಿನದು. ಮೊಣಕಾಲಿಗೆ ಬಂತು, ತೊಡೆಗೆ ಬಂತು. ಅಕ್ಕಾ, ದಡಕ್ಕೆ ಬಾ ಎಂದು ತಂಗಿ ಎಲ್ಲಿಂದಲೋ ಕೂಗುತ್ತಿದ್ದಾಳೆ. ಬರೋಣವೆಂದರೆ ಕಾಲೇ ಏಳುತ್ತಿಲ್ಲ. ಯಾಕೋ ಏಳುವ ಮನಸ್ಸೂ ಇಲ್ಲ.

ಕಣ್ಣು ಬಿಟ್ಟಾಗ ಒಳಗೆ ಮಳೆಯ ಸದ್ದು ಹಾಗೇ ಇತ್ತು. ಎದ್ದು ನಿಂತಳು. ಸೀರೆಗೆ ಕೆಂಪು ಅಂಟಿತ್ತು.

ಮೊದಲು ಅವಳಿಗೆ ಹೆದರಿಕೆಯೇ ಆಗಲಿಲ್ಲ. ಕನಸಿನ ನೀರೇ ಹಿಂದೆ ಬಂದಿತೇನೋ ಎನ್ನಿಸಿತು. ನಾಚಿಕೆಯೂ ಆಯಿತು, ಒಂದು ಬಗೆಯ ಸಂತೋಷವೂ ಆಯಿತು. ಹೋದ ಪ್ರಾಯ ತಿರುಗಿ ನೋಡಿತೇ? ಆಮೇಲೆ ಅತ್ತೆಯ ನೆನಪಾಯಿತು. ಹುಳ ಕೊನೆಯ ಜ್ವರದಿಂದ ಎದ್ದಿದ್ದವು. ಪೊರೆ ಕಳಚಲು ಮಲಗಿ ಏಳುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಇನ್ನೊಂದು ವಾರ ಅವು ಬಿಡುವಿಲ್ಲದೆ ತಿನ್ನಬೇಕು. ಈಗ ಗೊತ್ತಾದರೆ ಮತ್ತೆ ಜಗುಲಿಯೇ ಗತಿ.

ಮರಿತಾಯಮ್ಮ ಯಾರಿಗೂ ಹೇಳಲಿಲ್ಲ. ಸೀರೆ ಬದಲಾಯಿಸಿದಳು. ಕೈಕಾಲು ತೊಳೆದು ಬಂದು ಸಂಜೆಯ ಸೊಪ್ಪು ಹಾಕಿದಳು. ಮೂರು ದಿನಕ್ಕೆ ಅದು ನಿಂತಿತು. ಆ ಸಲದ ಬೆಳೆ ಚೆನ್ನಾಗಿ ಬಂತು.

ಒಂದೂವರೆ ತಿಂಗಳ ಮೇಲೆ, ಮುಂದಿನ ಬೆಳೆಯ ಹುಳ ದೊಡ್ಡದಾಗುವ ಹೊತ್ತಿಗೆ, ಮತ್ತೆ ಕಂಡಿತು. ಈ ಸಲ ಜಾಸ್ತಿ. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ನಡೆದರೆ ನೆಲ ಮೆತ್ತಗಾದಂತೆ, ತಾನು ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿರುವಂತೆ ಅನ್ನಿಸುತ್ತಿತ್ತು.

ಆ ದಿನ ಬೆಳಿಗ್ಗೆ ನಾಲೆಯ ಮೇಲೆ ಇನ್ನೂ ಮಂಜು ಕೂತಿತ್ತು. ಎಲ್ಲರೂ ಬಟ್ಟೆ ಒಗೆಯುವ ಸೋಪಾನ ಬಿಟ್ಟು, ದೂರ, ತೆಂಗಿನ ಮರದ ಹಿಂದೆ ಮರಿತಾಯಮ್ಮ ಒಬ್ಬಳೇ ಬಟ್ಟೆ ಹಿಂಡುತ್ತಿದ್ದಳು. ಊರಿನ ಆಶಾ ಕಾರ್ಯಕರ್ತೆ ಪವಿತ್ರ ಅದೇ ದಾರಿಯಲ್ಲಿ ಬಾಣಂತಿಯೊಬ್ಬಳನ್ನು ನೋಡಲು ಹೊರಟಿದ್ದಳು. ನೀರಿನಲ್ಲಿ ಕೆಂಪು ಎಳೆ ಹರಿದು ಬಂದದ್ದು ಅವಳ ಕಣ್ಣಿಗೆ ಬಿತ್ತು.

“ಮರಿತಾಯಕ್ಕ, ಏನಕ್ಕ ಇದು? ಕೈ ಕೊಯ್ಕೊಂಡ್ಯಾ?”

“ಏನಿಲ್ಲ ಕಣವ್ವ, ನೀನು ಓಗು.”

ಪವಿತ್ರ ಹೋಗಲಿಲ್ಲ. ಚೀಲ ಕೆಳಗಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತಳು. ಒಗೆದಿಟ್ಟ ಬಟ್ಟೆಯೊಂದನ್ನು ತೆಗೆದು ತಾನೇ ಹಿಂಡತೊಡಗಿದಳು. ಅದೇ ಮರಿತಾಯಮ್ಮನ ಬಾಯಿ ಬಿಡಿಸಿತು.

“ನಿಂತೋಗಿತ್ತು ಕಣವ್ವ. ನಾಕು ವರ್ಸ ಆಗಿತ್ತು. ಈಗ ಮತ್ತೆ ಬಂದದೆ. ಉಷ್ಣಕ್ಕೆ ಬಂದಿರ್ಬೈದು ಅಲ್ವಾ?”

“ಎಷ್ಟನೇ ಸಲ ಅಕ್ಕ?”

“ಇದು ಎಲ್ಡನೇ ಸಲ. ಮೊದಲ್ನೇ ಸಲ ಮೂರೇ ದಿನ ಇತ್ತು, ಅದ್ಕೇ ಸುಮ್ಕಾದೆ.”

“ಅಕ್ಕ, ನನ್ನ ಮಾತು ಕೇಳು. ಮುಟ್ಟು ನಿಂತು ಒಂದು ವರ್ಷ ಆಯ್ತು ಅಂದ್ರೆ ಮುಗೀತು. ಆಮೇಲೆ ಬರೋದು ಮುಟ್ಟಲ್ಲ. ಒಂದು ದಿನ ಬರಲಿ, ಒಂದು ತೊಟ್ಟು ಬರಲಿ, ಡಾಕ್ಟ್ರಿಗೆ ತೋರಿಸ್ಲೇಬೇಕು.”

ಮರಿತಾಯಮ್ಮನ ಕೈ ನೀರಿನಲ್ಲೇ ನಿಂತಿತು. “ಕ್ಯಾನ್ಸರ್ರಾ?”

“ಹತ್ತು ಜನಕ್ಕೆ ಹೀಗಾದ್ರೆ ಒಂಬತ್ತು ಜನಕ್ಕೆ ಬೇರೇನೋ ಕಾರಣ ಇರುತ್ತಂತೆ. ಒಬ್ರಿಗೆ ಅದೂ ಇರ್ಬಹುದು. ಆ ಒಬ್ರು ಯಾರು ಅಂತ ಇಲ್ಲಿ ನಾಲೆ ಮೇಲೆ ಕೂತು ನಾನೂ ಹೇಳಕ್ಕಾಗಲ್ಲ, ನೀನೂ ಹೇಳಕ್ಕಾಗಲ್ಲ. ಬೇಗ ಹೋದ್ರೆ ಅದಕ್ಕೂ ಔಷಧಿ ಇದೆ. ನಾಳೆ ನಂಜನಗೂಡಿಗೆ ಹೋಗೋಣ.”

“ನಾಳೆಯಾ? ಉಳ ಹಣ್ಣಾಗೋ ಒತ್ತು ಕಣೆ. ಗೂಡು ಕಟ್ಲಿ, ಆಮೇಲೆ ನೋಡನ.”

“ಆಮೇಲೆ ಅಂದೋರನ್ನ ನಾನು ತುಂಬ ಜನನ್ನ ನೋಡಿದೀನಿ ಅಕ್ಕ,” ಎಂದು ಪವಿತ್ರ ಎದ್ದಳು. “ನಡಿ, ಮನೇಲಿ ನಾನೇ ಮಾತಾಡ್ತೀನಿ.”

ಮನೆಯಲ್ಲಿ ಮರಿತಾಯಮ್ಮನ ಗಂಡ ರಂಗನಾಯಕ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಪವಿತ್ರ ಅವನನ್ನೂ ಪಾಪಮ್ಮನನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದಳು. ರಂಗನಾಯಕ ನೆಲ ನೋಡುತ್ತ ಕೇಳಿದ. ಹೆಂಗಸರ ಇಂಥ ಮಾತು ಅವನ ಮುಂದೆ ಯಾರೂ ಆಡಿದವರಿಲ್ಲ.

“ಆಸ್ಪತ್ರೆಗೆ ಓದ್ರೆ ಗರ್ಭಕೋಶ ಕೊಯ್ದು ತೆಗ್ದಾಕ್ತಾರೆ ಕಣವ್ವ,” ಎಂದ ಕೊನೆಗೆ. “ನಮ್ಮ ನಾದ್ನಿ ಚಿನ್ನಮ್ಮಂಗೆ ಎಲ್ಡು ವರ್ಸದ ಕೆಳಗೆ ಅದೇ ಮಾಡುದ್ರು.”

“ಚಿನ್ನಮ್ಮಕ್ಕಂಗೆ ದೊಡ್ಡ ಗಡ್ಡೆ ಇತ್ತು ಅಣ್ಣ. ಎಲ್ರಿಗೂ ತೆಗೆಯಲ್ಲ. ಮೊದ್ಲು ಯಾಕೆ ರಕ್ತ ಹೋಗ್ತಿದೆ ಅಂತ ಕಂಡುಹಿಡೀತಾರೆ. ಬೇರೆ ದಾರಿ ಇದ್ಯಾ ಅಂತ ಕೇಳೋ ಹಕ್ಕು ನಮಗಿದೆ. ನಾನೂ ಜೊತೇಲಿರ್ತೀನಿ.”

“ಇವ್ಳು ಚೆನ್ನಾಗೇ ಅವ್ಳಲ್ಲ. ಓದ ವರ್ಸ ನಿದ್ದೆ ಇಲ್ದೆ ಒದ್ದಾಡೋಳು. ಈಗ ನಿದ್ದೆ ಬತ್ತದೆ, ಊಟ ಸೇರ್ತದೆ. ಸುಮ್ನೆ ಯಾಕೆ ಕೆದಕದು?”

ಮಗನ ಮಾತಿಗೆ ಪಾಪಮ್ಮ ತಲೆಯಾಡಿಸುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಎಂಬತ್ತರ ಹತ್ತಿರದ ಮುದುಕಿ. ಅವಳು ಬಾಗಿಲ ಹೊರಗಿನ ಬಿಸಿಲನ್ನೇ ನೋಡುತ್ತಿದ್ದಳು. ಮಾತಾಡಿದಾಗ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದೇ ತಿಳಿಯಲಿಲ್ಲ.

“ನಮ್ಮಕ್ಕನ್ನ ತಲಕಾಡಿಗೆ ಕೊಟ್ಟಿದ್ರು. ಅವ್ಳಿಗೂ ಇಂಗೇ ಆಯ್ತು. ನಿಂತು ಏಸೋ ವರ್ಸ ಆದ್ಮೇಲೆ. ಬಟ್ಟೆ ಒಗಿಯಕ್ಕೆ ನಾಚ್ಕೆ ಅವ್ಳಿಗೆ. ಬೆಳಿಗ್ಗೆನೇ ಎದ್ದೋಗಿ ಮರಳಲ್ಲಿ ಊತಾಕ್ಬುಡೋಳು. ಗಾಳಿ ಬಂದಾಗ ಮರಳು ಸರ್ಕೊಂಡು ಒಂದೊಂದು ಬಟ್ಟೆ ಮ್ಯಾಕೆ ಕಾಣ್ತಿತ್ತು. ನಾನೇ ನೋಡಿವ್ನಿ. ಏನಕ್ಕ ಅಂತ ಒಂದ್ ಮಾತು ಕೇಳ್ಲಿಲ್ಲ. ಒಂದ್ ವರ್ಸಕ್ಕೇ ಓಗ್ಬುಟ್ಲು.”

ಪಾಪಮ್ಮ ಸೊಸೆಯ ಕಡೆ ತಿರುಗಿದಳು.

“ಮೊದಲ್ನೇ ಸಲ ಬಂದಾಗ ಯಾಕಮ್ಮಿ ನಂಗೆ ಯೋಳ್ಲಿಲ್ಲ?”

“ಉಳದ ಮನೆಗೆ ಓಗ್ಬ್ಯಾಡ ಅಂತೀರಿ ಅಂತ, ಅತ್ತೆ.”

“ಆಗ ಯಾರು ಸೊಪ್ಪಾಕ್ದೋರು?”

“ನಾನೇ ಆಕ್ದೆ.”

ಬೈಯುತ್ತಾಳೆ ಎಂದು ಮರಿತಾಯಮ್ಮ ತಲೆ ತಗ್ಗಿಸಿದಳು.

“ಬೆಳೆ ಚೆಂದಾಗೇ ಬಂತಲ್ಲ,” ಎಂದಳು ಮುದುಕಿ ಮೆಲ್ಲಗೆ. “ಆ ಉಳಕ್ಕೇನೂ ಆಗ್ಲಿಲ್ಲ. ನನ್ನ ಭಯಕ್ಕೆ ನೀನು ರೋಗ ಮುಚ್ಚಿಟ್ಕಂಡೆ.” ಆಮೇಲೆ ಮಗನಿಗೆ ಹೇಳಿದಳು: “ನಾಳೆ ಕರ್ಕೊಂಡೋಗ್ಲಿ ಕಣ್ಲಾ. ಸೊಪ್ಪು ನಾನಾಕ್ತೀನಿ, ನೀನು ತಂದ್ಕೊಡು.”

ಮರುದಿನ ಬೆಳಗಿನ ಬಸ್ಸಿನಲ್ಲಿ ಮರಿತಾಯಮ್ಮ ಪವಿತ್ರಳ ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಗದ್ದೆಯ ಮೇಲೆ ಬೆಳ್ಳಗೆ ಮಂಜು. ಕೊಕ್ಕರೆಗಳು ಹಾರುತ್ತಿವೆಯೋ ನಿಂತಿವೆಯೋ ತಿಳಿಯುತ್ತಿರಲಿಲ್ಲ. ಹಿಂದಿನದೆಲ್ಲ ಕಣ್ಣ ಮುಂದೆ ಬರುತ್ತಿತ್ತು. ಹೊಳೆಯಲ್ಲಿ ಆಡಿದ್ದು, ಮೈ ನೆರೆದದ್ದು, ಇಬ್ಬರು ಮಕ್ಕಳನ್ನು ಹೆತ್ತದ್ದು. ಇಷ್ಟು ವರ್ಷ ತನ್ನೊಳಗೆ ಏನಾಗುತ್ತಿದೆ ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ನಂಜನಗೂಡು ಬರುವ ಹೊತ್ತಿಗೆ ಬಿಸಿಲು ಬಿದ್ದು ಹೊಳೆ ಹೊಳೆಯುತ್ತಿತ್ತು.

ಅಲ್ಲೇ ಪೇಟೆಯಲ್ಲಿರುವ ತಂಗಿ ಚಿನ್ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದಳು. ಅಕ್ಕನ ಕೈ ಹಿಡಿದವಳು ಬಿಡಲಿಲ್ಲ.

ಡಾಕ್ಟರ್ ಹರಿಪ್ರಿಯಾ ಎಲ್ಲವನ್ನೂ ನಿಧಾನವಾಗಿ ಕೇಳಿದರು. ಮುಟ್ಟು ಯಾವಾಗ ನಿಂತಿತು, ರಕ್ತ ಎಷ್ಟು ದಿನ ಹೋಯಿತು, ಬಿಪಿ ಇದೆಯಾ, ಶುಗರ್ ಇದೆಯಾ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ.

“ಯಾವುದಾದ್ರೂ ಮಾತ್ರೆ ತಗೋತಿದ್ದೀರಾ ಅಮ್ಮ?”

“ನಿದ್ದೆ ಮಾತ್ರೆ ಒಂದು, ಅಷ್ಟೇಯ.”

“ಇದ್ರೆ ತೋರಿಸಿ.”

ಮರಿತಾಯಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆ ಚೀಲದಿಂದ ಅರ್ಧ ಮುಗಿದ ಮಾತ್ರೆಯ ಪಟ್ಟಿ ತೆಗೆದು ಕೊಟ್ಟಳು. ಡಾಕ್ಟರ್ ಅದನ್ನು ಓದಿದರು. ಅವರ ಮುಖ ಬದಲಾಯಿತು.

“ಇದು ನಿದ್ದೆ ಮಾತ್ರೆ ಅಲ್ಲ. ಇದು ಹಾರ್ಮೋನ್. ಯಾರು ಕೊಟ್ಟಿದ್ದು?”

ಆಗ ಕಥೆ ಹೊರಬಿತ್ತು. ಮುಟ್ಟು ನಿಂತ ಮೇಲೆ ಮರಿತಾಯಮ್ಮನಿಗೆ ಇದ್ದಕ್ಕಿದ್ದಂತೆ ಎದೆಯಿಂದ ನೆತ್ತಿಯವರೆಗೆ ಬೆಂಕಿ ಏರುತ್ತಿತ್ತು. ಬೆವರಿ ರವಿಕೆ ತೊಯ್ದು ಹೋಗುತ್ತಿತ್ತು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಹಬ್ಬಕ್ಕೆ ಬಂದ ಚಿನ್ನಮ್ಮ ಅದನ್ನು ನೋಡಿ, ನಂಗೂ ಇಂಗೇ ಆಗ್ತಿತ್ತು ಅಕ್ಕ, ಡಾಕ್ಟ್ರು ಕೊಟ್ಟ ಈ ಮಾತ್ರೇಲಿ ವಾಸಿ ಆಯ್ತು ಎಂದು ತನ್ನದೇ ಒಂದು ಪಟ್ಟಿ ಕೊಟ್ಟಿದ್ದಳು. ಕೆಲವೇ ವಾರದಲ್ಲಿ ಬೆಂಕಿ ಆರಿತು. ಮಗುವಿನಂತೆ ನಿದ್ದೆ ಬಂತು, ಕನಸು ಬಂತು. ಅದನ್ನು ನೋಡಿ ರಂಗನಾಯಕ ಪ್ರತಿ ತಿಂಗಳೂ ಖಾಲಿ ಪಟ್ಟಿಯನ್ನು ಔಷಧಿ ಅಂಗಡಿಯಲ್ಲಿ ತೋರಿಸಿ ಹೊಸದು ತಂದುಕೊಡುತ್ತಿದ್ದ. ಹತ್ತು ತಿಂಗಳು ಹೀಗೇ ನಡೆದಿತ್ತು.

ಚಿನ್ನಮ್ಮನ ಕೈ ಸಡಿಲವಾಯಿತು. “ನಾನು ಕೊಟ್ಟಿದ್ದರಿಂದ ಹಿಂಗಾಯ್ತಾ ಡಾಕ್ಟ್ರೇ? ನಂಗೇನೂ ಆಗಿಲ್ವಲ್ಲ!”

“ನಿಮಗೆ ಆಗಲ್ಲ, ಯಾಕೇಂದ್ರೆ ನಿಮಗೆ ಗರ್ಭಕೋಶ ಇಲ್ಲ,” ಎಂದರು ಡಾಕ್ಟರ್. “ನೋಡಿ, ಹೆಂಗಸರ ಮೈಯಲ್ಲಿ ಎರಡು ಹಾರ್ಮೋನ್ ಜೊತೆಜೊತೆಗೆ ಕೆಲಸ ಮಾಡ್ತವೆ. ಈಸ್ಟ್ರೋಜನ್ ಅನ್ನೋದು ಗರ್ಭಕೋಶದ ಒಳಪದರವನ್ನ ಬೆಳೆಸುತ್ತೆ. ಪ್ರೊಜೆಸ್ಟರಾನ್ ಅನ್ನೋದು ಅದು ಮಿತಿ ಮೀರದ ಹಾಗೆ ತಡೀತದೆ. ಗರ್ಭಕೋಶ ತೆಗೆದೋರಿಗೆ ಮೊದಲನೇದು ಒಂದೇ ಕೊಟ್ರೆ ಸಾಕು. ಗರ್ಭಕೋಶ ಇರೋರಿಗೆ ಎರಡನೇದೂ ಬೇಕು. ನಿಮ್ಮಕ್ಕ ಹತ್ತು ತಿಂಗಳು ಮೊದಲನೇದನ್ನ ಮಾತ್ರ ನುಂಗಿದಾರೆ. ತಡೆಯೋರಿಲ್ಲದೆ ಪದರ ಬೆಳೆದಿರಬಹುದು.”

ಸ್ಕ್ಯಾನಿಂಗ್‌ನಲ್ಲಿ ಅದೇ ಕಂಡಿತು. ಪದರ ಇರಬೇಕಾದ್ದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು.

“ಆ ಮಾತ್ರೆ ಇವತ್ತಿಗೇ ನಿಲ್ಲಿಸಿ. ಒಳಪದರದಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಬಯಾಪ್ಸಿ ಅಂತಾರೆ. ಸ್ವಲ್ಪ ಹೊಟ್ಟೆ ಹಿಂಡಿದ ಹಾಗಾಗುತ್ತೆ, ಸಂಜೆಗೆ ಮನೆಗೆ ಹೋಗಬಹುದು.”

ಹೊರಗೆ ಬೆಂಚಿನ ಮೇಲೆ ಚಿನ್ನಮ್ಮ ಬಿಕ್ಕಿ ಅಳುತ್ತಿದ್ದಳು. ಮರಿತಾಯಮ್ಮನೇ ತಂಗಿಯ ತಲೆ ಸವರಿದಳು.

“ಸುಮ್ಕಿರು ಚಿನ್ನಿ. ನನ್ ಕಷ್ಟ ನೋಡಕ್ಕಾಗ್ದೆ ಕೊಟ್ಟೆ. ನೀನು ಬೇಕೂಂತ ಮಾಡ್ದ್ಯಾ?”

ಬಯಾಪ್ಸಿ ಮುಗಿಯಿತು. ಚೂರು ಮೈಸೂರಿಗೆ ಹೋಯಿತು. ವರದಿ ಬರಲು ಹತ್ತು ದಿನ.

ಆ ಹತ್ತು ದಿನ ಮರಿತಾಯಮ್ಮ ನೀರಿನೊಳಗೆ ನಡೆಯುವವಳಂತೆ ನಡೆದಳು. ಮಾತುಗಳು ದೂರದಿಂದ ಬರುತ್ತಿದ್ದವು. ಮನೆಯಲ್ಲಿ ಹುಳ ಹಣ್ಣಾಗಿ ಹಳದಿಗೆ ತಿರುಗಿ, ತಲೆಯೆತ್ತಿ ಏನನ್ನೋ ಹುಡುಕುವಂತೆ ತೂಗಾಡಿದವು. ಅತ್ತೆ ಸೊಸೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಅವನ್ನು ಆಯ್ದು ಚಂದ್ರಿಕೆ ಎಂಬ, ಗೂಡು ಕಟ್ಟಿಸುವ ಬಿದಿರಿನ ತಟ್ಟೆಯ ಮೇಲೆ ಬಿಟ್ಟರು. ಎರಡು ದಿನದಲ್ಲಿ ಪ್ರತಿ ಹುಳವೂ ತನ್ನ ಸುತ್ತ ಮೋಡದಂಥ ಗೂಡು ನೇಯ್ದುಕೊಂಡು ಒಳಗೆ ಮರೆಯಾಯಿತು. ಮರಿತಾಯಮ್ಮ ಅವನ್ನು ನೋಡುತ್ತ ಎಷ್ಟೋ ಹೊತ್ತು ಕೂತಿರುತ್ತಿದ್ದಳು. ಪಾಪಮ್ಮ ಏಳು ಎನ್ನಲಿಲ್ಲ. ಕಾಫಿ ಲೋಟ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಅತ್ತೆ ಅವಳಿಗೆ ಕಾಫಿ ತಂದುಕೊಟ್ಟದ್ದು ಅದೇ ಮೊದಲು.

ಹನ್ನೊಂದನೇ ದಿನ ರಂಗನಾಯಕನೂ ಜೊತೆಗೆ ಬಂದ. ಡಾಕ್ಟರ್ ವರದಿ ತೆರೆದು ಓದುವವರೆಗೆ ಅವನು ಟವೆಲ್ಲಿನ ತುದಿಯನ್ನು ಹುರಿ ಮಾಡುತ್ತ ನಿಂತಿದ್ದ.

“ಕ್ಯಾನ್ಸರ್ ಇಲ್ಲ,” ಎಂದರು ಡಾಕ್ಟರ್ ಹರಿಪ್ರಿಯಾ.

ರಂಗನಾಯಕ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಪದರ ದಪ್ಪ ಆಗಿದೆ ಅಷ್ಟೆ. ಆದ್ರೆ ಇದನ್ನ ಹೀಗೇ ಬಿಟ್ಟಿದ್ರೆ, ಆ ಮಾತ್ರೆ ಇನ್ನೂ ವರ್ಷಗಟ್ಟಲೆ ನುಂಗಿದ್ರೆ, ಮುಂದೆ ಕ್ಯಾನ್ಸರ್ ಆಗೋ ಅಪಾಯ ಹೆಚ್ಚುತ್ತಿತ್ತು. ಸರಿಯಾದ ಹೊತ್ತಿಗೆ ಬಂದಿದ್ದೀರಿ.”

“ಗರ್ಭಕೋಶ ತೆಗಿಯದು ಬ್ಯಾಡ್ವಾ ಮೇಡಂ?”

“ಈಗ ಬೇಡ. ಪ್ರೊಜೆಸ್ಟರಾನ್ ಮಾತ್ರೆ ಕೊಡ್ತೀನಿ. ಒಂದು ದಿನವೂ ತಪ್ಪಿಸಬಾರ್ದು. ಆರು ತಿಂಗಳಾದ ಮೇಲೆ ಮತ್ತೆ ಬಯಾಪ್ಸಿ ಮಾಡಿ ನೋಡೋಣ. ಮಧ್ಯದಲ್ಲಿ ಜಾಸ್ತಿ ರಕ್ತ ಹೋದ್ರೆ ಆ ದಿನವೇ ಬನ್ನಿ.”

ಮರಿತಾಯಮ್ಮ ಹಿಂಜರಿಯುತ್ತ ಕೇಳಿದಳು. “ಆ ಬೆಂಕಿ ಮತ್ತೆ ಬಂದ್ರೆ ಏನ್ ಮಾಡ್ಲಿ ಡಾಕ್ಟ್ರೇ? ಆ ಮಾತ್ರೆ ಕೆಟ್ಟದ್ದೇಯ?”

“ಕೆಟ್ಟದ್ದಲ್ಲ ಅಮ್ಮ. ಮುಟ್ಟು ನಿಂತ ಮೇಲೆ ಬರೋ ಸಂಕಟಕ್ಕೆ ಹಾರ್ಮೋನ್ ಒಳ್ಳೇ ಔಷಧಿನೇ. ಆದ್ರೆ ಯಾರಿಗೆ, ಯಾವುದು, ಎಷ್ಟು ದಿನ ಅನ್ನೋದನ್ನ ಪರೀಕ್ಷೆ ಮಾಡಿ ಕೊಡ್ಬೇಕು. ಸ್ತನದ ಕ್ಯಾನ್ಸರ್ ಆಗಿದ್ದೋರಿಗೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದೋರಿಗೆ, ಲಕ್ವ ಹೊಡೆದಿದ್ದೋರಿಗೆ ಸಾಮಾನ್ಯವಾಗಿ ಕೊಡಲ್ಲ. ನಿಮಗೆ ಸಂಕಟ ಜಾಸ್ತಿ ಆದ್ರೆ ನನ್ನ ಹತ್ರ ಬನ್ನಿ. ಸಹಿಸ್ಕೊಂಡು ಕೂರೋದೂ ಬೇಡ, ಇನ್ನೊಬ್ಬರ ಮಾತ್ರೆ ನುಂಗೋದೂ ಬೇಡ.”

ಆ ಬೇಸಿಗೆಯಲ್ಲಿ ಬೆಂಕಿ ಒಮ್ಮೊಮ್ಮೆ ಬಂತು. ಮರಿತಾಯಮ್ಮ ತೆಳ್ಳನೆಯ ಹತ್ತಿ ಸೀರೆ ಉಟ್ಟಳು, ಕಾಫಿ ಕಡಿಮೆ ಮಾಡಿದಳು. ಕೆಲವು ದಿನ ಕಷ್ಟವೇ ಆಯಿತು, ಅದನ್ನೂ ಡಾಕ್ಟರಿಗೆ ಹೇಳಿದಳು. ಮಾತ್ರೆ ನುಂಗಿದ ದಿನವೆಲ್ಲ ರಂಗನಾಯಕ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದ. ಆರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಪದರ ತೆಳ್ಳಗಾಗಿತ್ತು, ಸರಿಯಾಗಿತ್ತು. ರಕ್ತ ಮತ್ತೆ ಕಾಣಲಿಲ್ಲ. ತಪಾಸಣೆಗೆ ಬರುವುದನ್ನು ಮಾತ್ರ ನಿಲ್ಲಿಸಬೇಡಿ ಎಂದು ಡಾಕ್ಟರ್ ಹೇಳಿ ಕಳಿಸಿದರು.

ಮುಂದಿನ ವಾರ ಸ್ವಸಹಾಯ ಸಂಘದ ಸಭೆಯಲ್ಲಿ ಪವಿತ್ರ ಇದನ್ನೆಲ್ಲ ಹೇಳಬೇಕೆಂದುಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಪಾಪಮ್ಮ ಕೋಲೂರಿಕೊಂಡು ಎದ್ದು ನಿಂತಳು.

“ಇಲ್ಲಿ ಯಾರ್‍ಗಾರ ನಿಂತ್ಮೇಲೆ ಮತ್ತೆ ಬಂದದ್ಯಾ?” ಎಂದು ಗಟ್ಟಿಯಾಗಿ ಕೇಳಿದಳು. “ನಾಚ್ಕೋಬ್ಯಾಡಿ. ನಾನು ನಮ್ಮಕ್ಕನ್ನ ಕೇಳ್ಲಿಲ್ಲ. ನಿಮ್ಮನ್ನ ಕೇಳ್ತಾ ಇವ್ನಿ.”

ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ನಿಧಾನವಾಗಿ ಕೈಯೆತ್ತಿದಳು. ಅವಳ ಪಕ್ಕದಲ್ಲಿದ್ದವಳು, ಸ್ವಲ್ಪ ಹೊತ್ತು ತಡೆದು, ತಾನೂ ಎತ್ತಿದಳು.

ಅಕ್ಕಂದಿರೇ, ತಾಯಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮನ್ನೂ ಅದೇ ಮಾತು ಕೇಳುತ್ತಿದ್ದೇವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಉಷ್ಣವೆಂದು, ಪ್ರಾಯವೆಂದು ಸುಮ್ಮನಾಗಬೇಡಿ. ಹೆಚ್ಚಿನವರಿಗೆ ಅದು ಸುಲಭವಾಗಿ ವಾಸಿಯಾಗುವ ತೊಂದರೆ. ಕ್ಯಾನ್ಸರೇ ಆಗಿದ್ದರೂ ಬೇಗ ಕಂಡರೆ ಗುಣವಾಗುವ ಭರವಸೆ ಹೆಚ್ಚು. ಮೈ ಬಿಸಿಗೆ, ನಿದ್ದೆಗೆ ಹಾರ್ಮೋನ್ ಮಾತ್ರೆ ಬೇಕೆನಿಸಿದರೆ ಡಾಕ್ಟರನ್ನು ಕೇಳಿ, ನಿಮಗೆ ಗರ್ಭಕೋಶ ಇದೆಯೋ ಇಲ್ಲವೋ ತಪ್ಪದೆ ಹೇಳಿ. ಡಾಕ್ಟರ್ ಕೊಟ್ಟ ಹಾರ್ಮೋನ್ ತೆಗೆದುಕೊಳ್ಳುವಾಗ ರಕ್ತ ಕಂಡರೂ ಅವರಿಗೆ ತಿಳಿಸಿ. ತಂಗಿಗೆ ಒಗ್ಗಿದ ಮಾತ್ರೆ ಅಕ್ಕನಿಗೆ ಒಗ್ಗಬೇಕೆಂದಿಲ್ಲ.

ಮನೆಯ ಗಂಡಸರೇ, ನೀವೂ ಕೇಳಿ. ನಿಮ್ಮ ತಾಯಿ, ನಿಮ್ಮ ಹೆಂಡತಿ ತಾನಾಗಿ ಹೇಳಲಾರದೆ ಇರಬಹುದು.

ನಿಮ್ಮೂರಿನ ಆಶಾ ಕಾರ್ಯಕರ್ತೆಯ ಮನೆ ನಿಮಗೆ ಗೊತ್ತಿದೆ. ಕೈಯಲ್ಲಿರುವ ಕೆಲಸ ಒಂದು ಗಳಿಗೆ ಕೆಳಗಿಟ್ಟು, ಇವತ್ತೇ ಹೋಗಿ ಅವಳ ಕದ ತಟ್ಟಿ.